ಸವಿತಾ ಹೊರಗ ಕುಂತ ಗೌರಿ ಹುಣ್ಣಿಮಿ

ಹೋದ ತಿಂಗಳು ಒಂದು ಮದಿವಿಗಂತ ಯಲಬುರ್ಗಾದಿಂದ ಕುಷ್ಟಗಿಗೆ ಹೊಂಟಿದ್ದೆ. ಬೇವೂರು ದಾಟಿದ ಮ್ಯಾಲ ಬಸ್ಸಿನ ಕಿಟಕಿಯಾಗ ನೋಡ್ತೀನಿ, ಹೊಲದ ತುಂಬ ಬೆಂಡಿ ಗಿಡ, ಗಿಡಗಿಡಕ್ಕೂ ಸಣ್ಣ ಸಣ್ಣ ಕೆಂಪು ಕಾಗದದ ಟೊಪ್ಪಿಗಿ. ಸೀರಿ ಮ್ಯಾಲ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕ್ಕೊಂಡ ಹೆಣ್ಮಕ್ಕಳು ಬಗ್ಗಿ ನಿಂತಿದ್ರು. ನನಗ ಒಮ್ಮೆಲೇ ಮುಂಗೈ ತುರಿಸಾಕ ಹತ್ತಿತು. ಬೆಂಡಿ ಎಲಿ ತುರಿಕಿ ಹಂಗ, ವರ್ಷಗಟ್ಟಲೆ ಕಳದ್ರೂ ಮೈ ಮರಿಯೂದಿಲ್ಲ. ಬಾಜೂಕ ಕುಂತಾಕಿ, ಏನರ ಕಡೀತೇನ್ರಿ ಅಕ್ಕಾರ ಅಂತ ಕೇಳಿದಳು. ಏನಿಲ್ಲವಾ ಅಂದು ನಕ್ಕೆ. ಆದ್ರ ಕುಷ್ಟಗಿ ಬರೂ ತನಕ ಆ ಒಂದ ವರ್ಷ ನನ್ನ ತಲಿ ಬಿಟ್ಟು ಇಳೀಲಿಲ್ಲ.

ಆಗ ನಾವಿನ್ನೂ ಬೇವೂರಿನ ಸನೇಕ ನಮ್ಮ ಹಳ್ಳ್ಯಾಗ ಇದ್ವಿ. ನಮ್ಮ ಮನಿಯವರದು ಹಿಟ್ಟಿನ ಗಿರಣಿ. ಊರ ಹೆಣ್ಮಕ್ಕಳ ಸುದ್ದಿ ಎಲ್ಲ ಅವರ ಕಿವಿ ಮ್ಯಾಲ ಬೀಳತಿತ್ತು, ಬಾಯಿಂದ ಒಂದೂ ಹೊರಗ ಬರತಿರಲಿಲ್ಲ. ಮಾತಾಡೂ ಕೆಲಸಾನೆಲ್ಲ ನನಗ ಬಿಟ್ಟಿದ್ರು, ನಾನೂ ಕಮ್ಮಿ ಮಾಡಿರಲಿಲ್ಲ ಬಿಡ್ರಿ. ಹೊಲಾ ನೋಡ್ಕೊಳ್ಳಾಕಿ ನಾನು. ಬೋರಿನ್ಯಾಗ ಒಂದೀಟು ನೀರಿತ್ತು, ಬೀಜದ ಕಂಪನಿಯವರಿಗೆ ಬೆಂಡಿ ಬೀಜ ಬೆಳದು ಕೊಡೂ ಪ್ಲಾಟು ಹಿಡದಿದ್ವಿ. ಮನ್ಯಾಗ ನಮ್ಮ ಅತ್ತಿ, ನಾವಿಬ್ಬರು, ಒಬ್ಬಾಕಿ ಮಗಳು ಸವಿತಾ. ಆಕಿ ಆಗ ಒಂಬತ್ತನೆತ್ತಿ ಓದತಿದ್ದಳು.

ಈ ಕೆಲಸಕ್ಕ ನಮ್ಮ ಕಡೆ ಕ್ರಾಸಿಂಗ್ ಅಂತಾರ. ನಾಳೆ ಅರಳೂ ಮೊಗ್ಗು ಇವತ್ತ ಸಂಜಿಗೆ ಹುಡುಕಿ, ಉಗುರಿಲೆ ಸೀಳಿ, ಒಳಗಿನ ಗಂಡು ಭಾಗ ತಗದು, ಮ್ಯಾಲ ಕೆಂಪು ಕಾಗದದ ಟೊಪ್ಪಿಗಿ ಹಾಕಬೇಕು. ಮುಂಜಾನೆದ್ದು ಬ್ಯಾರೆ ಸಾಲಿನ ಗಂಡು ಹೂ ಹರಕೊಂಡು ಬಂದು, ಟೊಪ್ಪಿಗಿ ತಗದು, ಹೆಣ್ಣು ಹೂವಿನ ತುದಿಗೆ ಹಗೂರಕ ತೀಡಬೇಕು. ಹೂವಿಗೆ ಒಂದ ಮುಂಜಾನೆ ಆಯುಷ್ಯ. ತಡಾ ಆದ್ರ ಹೋತು. ಆ ವರ್ಷ ಶ್ರಾವಣದ ಜಡಿಮಳಿ ಬಿಡಲೇ ಇಲ್ಲ. ತೊಯ್ದ ಹೂ ಕಾಯಿ ಕಟ್ಟೂದಿಲ್ಲ, ಅದಕ ನಾನು, ಕೂಲಿ ಹೆಣ್ಮಕ್ಕಳು ಬದುವಿನ ಮ್ಯಾಲ ಕುಂತು ಬಿಸಲಿಗೆ ಕಾಯತಿದ್ವಿ. ಕಾಯೂ ಹೊತ್ತಿನ್ಯಾಗ ಮಾತು. ದಿನಾ ಗಂಡು ಹೂ ಹೆಣ್ಣು ಹೂ ಅನ್ನೂ ಬಾಯಿಗಳಿಗೆ ಮಸ್ಕಿರಿಗೇನು ಬರ? ಒಂದ ಗಂಡು ಹೂ ನಾಕು ಹೆಣ್ಣು ಹೂವಿಗೆ ಸಾಕು ಅಂತ ಕಂಪನಿಯವ ಹೇಳಿ ಹೋಗಿದ್ದ. ಗಂಡಸರ ಬುದ್ಧಿ ಹೂವಿಗೂ ಬಂತಲ್ಲವಾ ಅಂತ ಹೊಟ್ಟಿ ಹಿಡಕೊಂಡು ನಗತಿದ್ವಿ. ಸೂಟಿ ದಿನ ಸವಿತಾ ಬಂದಳಂದ್ರ ಮಾತ್ರ ಎಲ್ಲಾರ ಬಾಯಿಗೂ ಬೀಗ.

ಸವಿತಾನ ಕೈ ಭಾಳ ಚುರುಕು, ಒಂದು ಹೂ ಹರೀತಿರಲಿಲ್ಲ. ಒಂದು ಐತವಾರ ತೀಡಿಕೊಂತ ತೀಡಿಕೊಂತ, "ಅವ್ವಾ, ಇಷ್ಟು ತೀಡಿದ್ರ ಸಾಕೇನು? ಕಾಯಿ ಆಗೇ ಬಿಡತೈತಿ?" ಅಂತ ಕೇಳಿದಳು. ನನಗ ಒಳಗೊಳಗ ಭಾಳ ದಿನದಿಂದ ಒಂದು ಚಿಂತಿ ಇತ್ತು. ಹುಡುಗಿ ದೊಡ್ಡಾಕಿ ಆಗಿ ವರ್ಷ ದಾಟಿತ್ತು, ಬುದ್ಧಿ ಹೇಳಬೇಕು, ಹ್ಯಾಂಗ ಶುರು ಮಾಡೂದು ತಿಳೀತಿರಲಿಲ್ಲ. ಇದ ಛಲೋ ವ್ಯಾಳೆ ಅಂತ, "ಒಮ್ಮೆ ಸೋಕಿದ್ರ ಸಾಕು, ಕಾಯಿ ಕಟ್ಟೇ ಕಟ್ಟತೈತಿ. ಮನಷಾರದೂ ಅಷ್ಟ. ಅದಕ ಹುಡುಗರ ಸನೇಕ ಹೋಗಬಾರದು" ಅಂದೆ. ಸವಿತಾ ಹೂಂ ಅಂದು ಮುಂದಿನ ಗಿಡಕ್ಕ ಹೋದಳು. ನಾನೂ ದೊಡ್ಡ ಕೆಲಸಾ ಮುಗಿಸಿದೆ ಅಂತ ಹಗೂರಾದೆ.

ದಸರಾಕ್ಕ ಕ್ರಾಸಿಂಗ್ ಮುಗೀತು. ಬನ್ನಿ ಹಬ್ಬದ ದಿನ ಊರೆಲ್ಲ ಒಬ್ಬರಿಗೊಬ್ಬರು ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂದು ಅಪ್ಪಿಕೊಂಡು ಬಂದ್ವಿ. ಅಲ್ಲಿಂದ ಮುಂದ ಸವಿತಾ ಮೆತ್ತಗಾದಳು. ಮೊದಲು ರೊಟ್ಟಿ ಅರ್ಧಕ್ಕ ಬಿಡಾಕ ಹತ್ತಿದಳು, ಆಮ್ಯಾಲ ಸಾಲಿಗೆ ಹೊಟ್ಟಿ ನೋವು ಅಂತ ನೆವ. ಗೆಳತ್ಯಾರು ಬಾಗಲಾಗ ನಿಂತು ಕರದ್ರೂ ಒಳಗಿಂದ ಬರಲಿಲ್ಲ. ದೃಷ್ಟಿ ಆಗೇತಿ ಅಂತ ಅತ್ತಿ ಉಪ್ಪು ಮೆಣಸಿನಕಾಯಿ ಇಳಿ ತಗದು ಒಲಿಗೆ ಹಾಕಿದ್ರು. ಬಿಸಲಾಗ ದುಡದಿದ್ದಕ್ಕ ಸೊರಗ್ಯಾಳ ಅಂತ ನಾನಂದೆ.

ದೀಪಾವಳಿ ಮುಗದ ಮ್ಯಾಲ ಅತ್ತಿ ಅಕ್ಕಿ ಆರಿಸಿಕೊಂತ ಕುಂತವರು, ಈ ಸಲ ಹುಡುಗಿ ಹೊರಗ ಕುಂತಿಲ್ಲಲ್ಲ ಅಂದ್ರು. ನಮ್ಮ ಮನ್ಯಾಗ ಹೆಣ್ಮಕ್ಕಳು ತಿಂಗಳದ ಮೂರು ದಿನ ಪಡಸಾಲಿ ಮೂಲ್ಯಾಗ ಬ್ಯಾರೆ ಚಾಪಿ, ಬ್ಯಾರೆ ತಾಟು ಇಟ್ಕೊಂಡು ಕುಂದ್ರಬೇಕು. ಅಂದಮ್ಯಾಲ ಯಾರು ಕುಂತರು, ಯಾರು ಕುಂತಿಲ್ಲ, ಮನಿಗೆಲ್ಲ ಲೆಕ್ಕ. ಈ ವಯಸ್ಸಿನ್ಯಾಗ ಹಿಂದ ಮುಂದ ಆಗತೈತಿ ಬಿಡ್ರಿ ಅತ್ತಿ ಅಂದೆ. ಆದ್ರ ಒಳಗ ಓದಿಕೊಂತ ಕುಂತ ಸವಿತಾ ಆ ಮಾತು ಕೇಳಿಸಿಕೊಂಡಿದ್ದು ನನಗ ಆವಾಗ ಗೊತ್ತಾಗಲಿಲ್ಲ.

ಗೌರಿ ಹುಣ್ಣಿಮಿ ಬಂತು. ಸಕ್ಕರಿ ಆರತಿ ಅಂದ್ರ ಸವಿತಾಗ ಜೀವ. ಸಕ್ಕರಿ ಆನಿ, ಸಕ್ಕರಿ ತೇರು ತಟ್ಟ್ಯಾಗಿಟ್ಟು, ನನ್ನ ರೇಷ್ಮಿ ಸೀರಿ ಉಟ್ಕೊಂಡು, ಗೆಳತ್ಯಾರ ಜೋಡಿ ಗುಡಿಗೆ ಹೋಗಿ ಬರಾಕಿ. ಆ ಸಲ ಗೊಂಬಿ ಎಲ್ಲ ತಂದಿದ್ದೆ. ಹುಣ್ಣಿಮಿ ದಿನ ಮುಂಜಾನೆ ನೋಡ್ತೀನಿ, ಹುಡುಗಿ ಪಡಸಾಲಿ ಮೂಲ್ಯಾಗ ಚಾಪಿ ಹಾಸ್ಕೊಂಡು ಕುಂತಾಳ. ನೋಡು, ಬಂತು ಅಂತ ಅತ್ತಿಗೆ ಸಮಾಧಾನ. ಅಯ್ಯ, ಹಬ್ಬದ ದಿನಾನ ಬರಬೇಕೇನು ಅಂತ ನನಗ ಕೆಟ್ಟನ್ನಿಸಿತು. ಓಣಿ ಹುಡುಗ್ಯಾರು ಆರತಿ ಹಿಡಕೊಂಡು ನಮ್ಮ ಬಾಗಲ ಮುಂದ ಹಾಡಿಕೊಂತ ಹೋದ್ರು, ಈಕಿ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದಳು.

ಮೂರು ದಿನ ಕಳದು ತಲಿ ಎರಕೊಂಡ ಮ್ಯಾಲ, ಆಕಿ ಟ್ರಂಕಿನ್ಯಾಗ ಅರಿವಿ ಮಡಚಿ ಇಡಾಕ ಹೋದೆ. ಅಡ್ಯಾಗ ಪ್ಯಾಡಿನ ಪ್ಯಾಕೆಟ್ಟು ಇತ್ತು. ನಾನ ತಂದುಕೊಟ್ಟಿದ್ದು, ಅಂಗಡಿಯಿಂದ ತಂದಂಗ, ಬಾಯಿನೂ ಹರದಿರಲಿಲ್ಲ. ಮನ್ಯಾಗ ಬ್ಯಾರೆ ಪ್ಯಾಕೆಟ್ಟು ಇರಲಿಲ್ಲ.

ಹುಡುಗಿ ಸುಳ್ಳ ಹೊರಗ ಕುಂತಿದ್ದಳು. ಜೀವದಂಥ ಹಬ್ಬ ಬಿಟ್ಟು, ಅಜ್ಜಿ ಬಾಯಿ ಮುಚ್ಚಾಕ, ಮೂರು ದಿನ ನಾಟಕ ಮಾಡಿದ್ದಳು. ಯಾಕ? ಹೆತ್ತವರಿಗೆ ಒಂದ ಉತ್ತರ ಹೊಳೀತೈತಿ, ಆ ಉತ್ತರ ಹೊಳದಾಕ್ಷಣ ಪ್ಯಾಕೆಟ್ಟು ಅರಿವಿ ಕೆಳಗ ತುರುಕಿ ಟ್ರಂಕು ಮುಚ್ಚಿದೆ. ಅದರ ಹಿಂದಿಂದ ನಮ್ಮ ಭಾವನ ಮಾರಿ ಕಣ್ಣಮುಂದ ಬಂತು. ಭಾವ, ಅಂದ್ರ ನಮ್ಮ ಮನಿಯವರ ಅಣ್ಣ, ಕನಕಗಿರಿಯಾಗ ಅದಾನ. ಹತ್ತನೆತ್ತಿ ಆದ್ರ ಸಾಕು, ಛಲೋ ಮನೆತನ ಐತಿ ಅಂತ ಆವಾಗಲೇ ಒಂದು ವರ ಗೊತ್ತು ಮಾಡ್ಕೊಂಡು ಕುಂತಿದ್ದ. ಈ ಸುದ್ದಿ ಒಂದು ಎಳಿ ಆತನ ಕಿವಿಗೆ ಬಿದ್ರ ಸಾಲಿ ಅವತ್ತಿಗೆ ಬಂದ್, ಹುಡುಗಿ ಬಾಳೇವು ಅಲ್ಲಿಗೆ ಮುಗೀತು.

ನನ್ನ ಸಿಟ್ಟು ನಮ್ಮ ಊರಿಗೆಲ್ಲ ಗೊತ್ತು. ಹಿತ್ತಲಕ್ಕ ಕರಕೊಂಡು ಹೋಗಿ, ಯಾರವ, ಏನು ಮಾಡ್ದಿ, ಹೇಳ್ತೀಯೋ ಇಲ್ಲೋ ಅಂತ ಬಾಯಿಗೆ ಬಂದಂಗ ಕೇಳಿದೆ. ಸವಿತಾ ಕೆಳಗ ನೋಡಿಕೊಂಡು ನಿಂತಳು. ಕೈ ಎತ್ತಿದೆ. ಆಕಿ ತಪ್ಪಿಸಿಕೊಳ್ಳಲಿಲ್ಲ, ಹೊಡಿ ಅನ್ನೂವಂಗ ಮಾರಿ ಮುಂದ ಮಾಡಿದಳು. ಅದನ್ನ ನೋಡಿ ನನ್ನ ಕೈ ತಾನ ಕೆಳಗಿಳೀತು. ಸಿಟ್ಟು ಹೋಗಿ ಅಂಜಿಕಿ ಕುಂತಿತು. ಬಾಯಿ ಬಿಡಸಾಕ ನನ್ನಿಂದ ಆಗೂದಿಲ್ಲ ಅನ್ನೂದು ಗೊತ್ತಾತು.

ಅತ್ತಿಗೆ ಸಕ್ಕರಿ ಗುಳಿಗಿ ತರಾಕ ಯಲಬುರ್ಗಾದ ಸರ್ಕಾರಿ ದವಾಖಾನಿಗೆ ಹೋದಾಗೆಲ್ಲ ಒಂದು ಕೋಣಿ ನೋಡಿದ್ದೆ. ಹರೇದ ಹುಡುಗ ಹುಡುಗ್ಯಾರ ಜೋಡಿ ಕುಂತು ಮಾತಾಡೂ ಕೋಣಿ ಅಂತ ಬೋರ್ಡು ಇತ್ತು. ಇದೆಂಥಾದಪ ಅಂತ ನಕ್ಕು ಮುಂದ ಹೋಗಿದ್ದೆ. ಮರುದಿನ, ಹುಡುಗಿಗೆ ಹಲ್ಲು ನೋವು, ತೋರಿಸಿಕೊಂಡು ಬರ್ತೀನಿ ಅಂತ ಅತ್ತಿಗೆ ಹೇಳಿ ಬಸ್ ಹತ್ತಿದೆ. ಹೊಲದಾಗ ಜ್ವಾಳ ಮೊಣಕಾಲ ಮಟ ಬಂದಿತ್ತು, ಛಳಿ ಗಾಳಿ ಬೀಸತಿತ್ತು, ಸವಿತಾ ಕಿಟಕಿ ಮುಚ್ಚಲಿಲ್ಲ.

ಆ ಕೋಣ್ಯಾಗ ಇದ್ದಾಕಿ ಪದ್ಮಾ ಮೇಡಮ್ಮು. ಗಂಗಾವತಿ ಕಾಲುವಿ ಕಡಿಯಾಕಿ, ಮಾತಿನ್ಯಾಗ ಒಂದೀಟು ತೆಲುಗು ಗಾಳಿ. ನಾ ಶುರು ಮಾಡೂದರಾಗ, ನೀವು ಒಂದೀಟು ಹೊರಗ ಕುಂದರ್ರಿ ಅಮ್ಮಾ, ಮೊದಲು ಆಕಿ ಜೋಡಿ ಮಾತಾಡ್ತೀನಿ ಅಂದ್ರು. ನನಗ ಮೈಯೆಲ್ಲ ಉರೀತು. ಹೆತ್ತಾಕಿ ನಾನು, ಹೊರಗ ಕುಂದ್ರಾಕಿನೂ ನಾನ ಏನು? ಆದ್ರ ಹೊರಗ ಕುಂತೆ. ಬೆಂಚಿನ ಮ್ಯಾಲ ಬಸರಿ ಹೆಣ್ಮಗಳೊಬ್ಬಾಕಿ ಜೋಳದ ರೊಟ್ಟಿ ಬಿಚ್ಚಿಕೊಂಡು, ತಗೋರಿ ಅಕ್ಕಾ ಅಂತ ಒತ್ತಾಯ ಮಾಡಿದಳು. ಒಂದು ಚೂರು ಮುರಕೊಂಡು ಕೈಯಾಗ ಹಿಡಕೊಂಡು ಕುಂತೆ. ನಾ ಹರಕಿ ಹೊರಲಾರದ ದೇವರಿಲ್ಲ ಆ ಹೊತ್ತಿನ್ಯಾಗ.

ಒಳಗ ಕರದಾಗ ಸವಿತಾ ಅತ್ತ ಕಣ್ಣು ಒರಸ್ಕೊಂತಿದ್ದಳು. ಪದ್ಮಾ ಮೇಡಮ್ಮು ನನ್ನ ಕಡೆ ತಿರಗಿ, "ಅಮ್ಮಾ, ಆಕಿ ನಿಮಗ ತಾನ ಹೇಳ್ತಾಳ. ಮುಗಸೂ ತನಕ ನೀವು ಬಾಯಿ ತೆರೀಬಾರದು. ಆಗತೈತೇನು?" ಅಂದ್ರು. ಆಗತೈತ್ರಿ ಅಂದೆ. ಜನ್ಮದಾಗ ಅಷ್ಟು ತ್ರಾಸಿನ ಮಾತು ನಾ ಯಾರಿಗೂ ಕೊಟ್ಟಿರಲಿಲ್ಲ.

ಸವಿತಾ ನೆಲಾ ನೋಡಿಕೊಂತ ಹೇಳಿದಳು. "ಬನ್ನಿ ಹಬ್ಬದ ದಿನ ನಮ್ಮ ಕ್ಲಾಸಿನ ಹುಡುಗ ಬನ್ನಿ ಕೊಟ್ಟು, ದೊಡ್ಡವರು ಮಾಡಿದಂಗ ಅಪ್ಪಿಕೊಂಡ. ನಾನೂ ಬ್ಯಾಡ ಅನ್ನಲಿಲ್ಲ. ಆಮ್ಯಾಲ ನನಗ ತಿಂಗಳದ್ದು ಬರಲೇ ಇಲ್ಲ. ನೀನ ಹೇಳಿದ್ದಿಯಲ್ಲವಾ, ಒಮ್ಮೆ ಸೋಕಿದ್ರ ಸಾಕು ಅಂತ."

ನಾ ಕಾದೆ. ಮಾತು ಕೊಟ್ಟಿದ್ದೆನಲ್ಲ. ಮುಂದ ಏನೂ ಬರಲಿಲ್ಲ. ಕಡೀಕ ತಡಿಲಾರದ, "ಮುಂದ?" ಅಂದೆ.

"ಮುಂದೇನಿಲ್ಲವಾ. ಅಷ್ಟ."

ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಕೂಡೇ ಬಂದ್ವು. ಹುಡುಗೀನ ಎಳಕೊಂಡು ಅಪ್ಪಿಕೊಂಡು, ಸೆರಗು ಬಾಯಿಗಿಟ್ಕೊಂಡು ಅತ್ತೆ. ಗುಡ್ಡ ಅಗದು ಇಲಿ ಹಿಡದ್ರು ಅಂತ ನೀವು ಅಂತೀರಿ. ಖರೆ ಐತಿ. ಆದ್ರ ಆ ಇಲಿ ದಸರಾದಿಂದ ನನ್ನ ಮಗಳ ಕರುಳು ಕಡಕೊಂತ ಕುಂತಿತ್ತು. ಬೆಂಡಿ ಹೂವಿನ ಸುದ್ದಿ ಕೇಳಿ ಪದ್ಮಾ ಮೇಡಮ್ಮಿಗೂ ನಗು ಬಂತು, ಆದ್ರ ಆಕಿ ಎದುರು ನಗಲಿಲ್ಲ. ಆಮ್ಯಾಲ ಡಾಕ್ಟರು ಸವಿತಾನ್ನ ನೋಡಿದ್ರು. ಏನೂ ಇಲ್ಲ, ರಕ್ತ ಕಡಿಮಿ ಐತಿ, ಮೊದಲ ವರ್ಷಗಳಾಗ ಹಿಂದ ಮುಂದ ಆಗೂದ ಐತಿ, ಊಟ ಬಿಟ್ಟು ಅಂಜಿಕೊಂಡು ಕುಂತ್ರ ಇನ್ನಷ್ಟು ಮುಂದ ಹೋಗತೈತಿ ಅಂತ ಕಬ್ಬಿಣದ ಗುಳಿಗಿ ಬರದು ಕೊಟ್ರು.

ಹೊರಡೂವಾಗ ಪದ್ಮಾ ಮೇಡಮ್ಮು ನನ್ನನ್ನ ಒಬ್ಬಾಕಿನ್ನ ತಡದು, "ಇಂಥ ಅಂಜಿಕಿಗೆ ಹುಡುಗ್ಯಾರು ಬಾವಿ ಕಡೆ ನೋಡ್ತಾರ ಅಮ್ಮಾ. ನಿಮ್ಮಾಕಿ ಬಂದು ನನ್ನ ಮುಂದ ಕುಂತಳು, ಪುಣ್ಯಾ ಅನ್ಕೊಳ್ರಿ" ಅಂದ್ರು. ಬಾಗಲ ಹೊರಗ ನಿಂತ ಸವಿತಾನ್ನ ತಿರಗಿ ನೋಡಿದೆ. ಇನ್ನ ಮ್ಯಾಲ ಮೈಯ ಸುದ್ದಿ ಆಕಿಗೆ ನೀವ ಬಿಡಿಸಿ ಹೇಳ್ರಿ, ಒಂದ ದಿನಕ್ಕ ಎಲ್ಲಾ ಹೇಳಬ್ಯಾಡ್ರಿ, ಎದುರಾ ಎದುರು ಕುಂತು ಹೇಳಬ್ಯಾಡ್ರಿ, ಕೆಲಸ ಮಾಡ್ಕೊಂತ ಹೇಳ್ರಿ, ಗೊತ್ತಿಲ್ಲದ್ದು ಬಂದ್ರ ಗೊತ್ತಿಲ್ಲ ಅನ್ರಿ, ಕೇಳ್ಕೊಂಡು ಬರೂಣು ಅನ್ರಿ ಅಂದ್ರು. ಎಲ್ಲಾ ಖರೆ ಮೇಡಮ್ಮಾರ, ಹೇಳಾಕ ಮಾತು ಎಲ್ಲಿಂದ ತರ್ಲಿ ಅಂತ ಕೇಳಿದೆ. ನಮ್ಮ ಭಾಷಾದಾಗ ಆ ಅಂಗಗಳ ಹೆಸರು ಬರೂದು ಬೈಗಳದಾಗ ಅಷ್ಟ. ಮಗಳ ಮುಂದ ಬೈಗಳ ಬೈದಂಗ ಆಗೂದಿಲ್ಲೇನ್ರಿ? ಅವರು ಪುಸ್ತಕದಾಗಿನ ಸಾದಾ ಹೆಸರು ಒಂದೊಂದ ನನ್ನ ಬಾಯಿಲೆ ಹೇಳಿಸಿದ್ರು. ಸಾಲಿ ಹುಡುಗಿ ಮಗ್ಗಿ ಹೇಳಿದಂಗ ಹೇಳಿದೆ, ಕಿವಿ ಬಿಸಿ ಆಗಿದ್ವು.

ಮನಿಗೆ ಬಂದು ಗಿರಣಿ ಬಂದ್ ಆದ ಮ್ಯಾಲ ನಮ್ಮ ಮನಿಯವರಿಗೆ ಎಲ್ಲಾ ಬಿಚ್ಚಿ ಹೇಳಿದೆ. ತಲಿ ಮ್ಯಾಲಿನ ಹಿಟ್ಟು ಝಾಡಿಸಿಕೊಂತ ಕೇಳಿ, ನಾ ಏನು ಮಾಡಬೇಕು ಅಂದ್ರು. ನೀವು ಸಿಟ್ಟಾಗಬ್ಯಾಡ್ರಿ, ಅಷ್ಟ ಸಾಕು ಅಂದೆ. ಮರುದಿನ ಸಂತಿಯಿಂದ ಸೇಂಗಾ ಬೆಲ್ಲ ತಂದು, ರಕ್ತಕ್ಕ ಛಲೋ ಅಂತ, ತಾವ ಆಕಿ ಕೈಯಾಗ ಇಟ್ರು. ಮುಂದ ಭಾಳ ದಿನ ಹೋಗಲಿಲ್ಲ, ಸವಿತಾ ಪಡಸಾಲಿ ಮೂಲ್ಯಾಗ ಖರೇವಂದ ಕುಂತಳು. ನನ್ನ ಕಡೆ ನೋಡಿ ನಕ್ಕಳು. ಹಂಗ ನಕ್ಕು ಹೊರಗ ಕುಂತ ಹುಡುಗೀನ ನಮ್ಮ ಮನಿ ಎಂದೂ ನೋಡಿರಲಿಲ್ಲ.

ಬೆಂಡಿಕಾಯಿ ಗಿಡದ ಮ್ಯಾಲ ಒಣಗಿ ಬೂದಬಣ್ಣ ಆದಾಗ ಹರದು ಅಂಗಳದಾಗ ರಾಶಿ ಹಾಕಿದ್ವಿ. ನಾನು ಸವಿತಾ ಬಡಗಿ ಹಿಡಕೊಂಡು ಬಡಿಯೂದು, ಅತ್ತಿ ಮರದಾಗ ಕೇರೂದು. ಒಂದು ಮಧ್ಯಾಹ್ನ ಅತ್ತಿ ಗ್ವಾಡಿಗೆ ಒರಗಿ ಕಣ್ಣು ಮುಚ್ಚಿದ್ರು. ಇದ ಹೊತ್ತು ಅಂತ ನಾ ಶುರು ಮಾಡಿದೆ. "ನೋಡವಾ, ಬೆಂಡಿ ಸುದ್ದಿ ಬ್ಯಾರೆ, ಮನಷಾರ ಸುದ್ದಿ ಬ್ಯಾರೆ" ಅಂದು ಅಲ್ಲೇ ನಿಂತೆ. ಸವಿತಾ ಬಡೀಕೊಂತ, ನೀ ಹೇಳವಾ, ನಾ ನಿನ್ನ ಮಾರಿ ನೋಡೂದಿಲ್ಲ ಅಂದಳು.

ಹೇಳಿದೆ. ಕೂಸು ಯಾವುದರಿಂದ ಆಗತೈತಿ, ಯಾವುದರಿಂದ ಆಗೂದಿಲ್ಲ. ಕೂಡೂದರಿಂದ ಬರೂ ರೋಗ ಕೆಲವು ಅದಾವು, ಮಾರಿ ನೋಡಿದ್ರ ಗೊತ್ತಾಗೂದಿಲ್ಲ, ಛಲೋ ಮನಷಾರಿಗೂ ಇರತಾವು. ನಿರೋಧ ಯಾಕ ಅದಾವು. ಹದಿನೆಂಟು ತುಂಬೂ ತನಕ ಕಾಯ್ದೆ ಒಪ್ಪೂದಿಲ್ಲ, ತುಂಬಿದ ಮ್ಯಾಲೂ ನೀ ಬ್ಯಾಡ ಅಂದ್ರ ಬ್ಯಾಡ, ಗಂಡನಾದ್ರೂ ಅಷ್ಟ. ಮನಸು ಒಬ್ಬನ ಕಡೆ ಹೊಂಟ್ರ ಅದು ಪಾಪ ಅಲ್ಲ. ಯಾರರ ನಿನಗ ಬ್ಯಾಡಾದಂಗ ಮುಟ್ಟಿದ್ರ ತಪ್ಪು ಅವರದು, ನಿನ್ನದಲ್ಲ. ಎಂಥಾದ ಆಗಲಿ, ಮೊದಲು ನನ್ನ ಮುಂದ ಬಂದು ಹೇಳು. ನಾ ಒದರ್ತೀನಿ, ಅದು ನನ್ನ ಹುಟ್ಟುಗುಣ, ಒದರಿ ಮುಗಿಸಿ ನಿನ್ನ ಜೋಡಿ ನಿಲ್ತೀನಿ. ಆಕಿ ನಡುವ ನಡುವ ಕೇಳಿದಳು, ಒಂದೆರಡಕ್ಕ ನನಗ ಉತ್ತರ ಬರಲಿಲ್ಲ, ಪದ್ಮಾ ಮೇಡಮ್ಮಿಗೆ ಕೇಳೂಣು ಅಂದೆ.

"ನನಗ ಯಾರೂ ಹೇಳಿರಲಿಲ್ಲ."

ಇಬ್ಬರೂ ಗಾಬರಿಯಾಗಿ ತಿರಗಿ ನೋಡಿದ್ವಿ. ಅತ್ತಿ ಕಣ್ಣು ತೆರೆದಿದ್ದಿಲ್ಲ. ಮದಿವಿಯಾದಾಗ ನನಗ ನಿನ್ನಷ್ಟೂ ವಯಸ್ಸಿರಲಿಲ್ಲ ಸವಿತಾ ಅಂದ್ರು. ಒಳಗ ಕಳಿಸಿದ ರಾತ್ರಿ ಏನಂತ ತಿಳೀಲಾರದ ಹಿತ್ತಲ ಬಾಗಲಿಂದ ಓಡಿ ಬಣವಿ ಹಿಂದ ಬೆಳತನಕ ಅಡಗಿ ಕುಂತಿದ್ರಂತ. ಹುಡುಕಿ ತಂದವರು ನಮ್ಮ ಅತ್ತಿಯ ಅವ್ವನ. ತಂದು ಮತ್ತ ಒಳಗ ಬಿಟ್ರು ಅಂದ್ರು. ಅಷ್ಟು ಹೇಳಿ ಮರ ಎಳಕೊಂಡು ಕೇರಾಕ ಹತ್ತಿದ್ರು. ಇಷ್ಟು ವರ್ಷ ಅವರ ಕೈಕೆಳಗ ಬಾಳೇವು ಮಾಡಿದ್ರೂ ಆ ಹುಡುಗೀನ ನಾ ಅವತ್ತ ಮೊದಲ ಸಲ ನೋಡಿದೆ.

ಸಂಕ್ರಮಣಕ್ಕ ಭಾವ ಕನಕಗಿರಿಯಿಂದ ಬಂದ. ಎಳ್ಳು ಹೋಳಿಗಿ ಉಂಡು, ಹಂಗಾದ್ರ ಸವಿತಾಂದು ಮಾತು ಮುಂದುವರಸೂಣೇನು ಅಂತ ಶುರು ಮಾಡಿದ. ನಾ ಬಾಯಿ ತೆರಿಯೂದರಾಗ ಅತ್ತಿ, "ಹುಡುಗಿ ಓದತೈತಿ. ನಾ ಇರೂ ತನಕ ಆ ಸುದ್ದಿ ಈ ಮನ್ಯಾಗ ಎತ್ತಬ್ಯಾಡ" ಅಂದ್ರು. ಭಾವ ತಾಯಿ ಮಾರಿ ನೋಡಿದ, ತಮ್ಮನ ಮಾರಿ ನೋಡಿದ. ನಮ್ಮ ಮನಿಯವರು, ಅವ್ವ ಹೇಳಿದ್ದು ಬರೋಬ್ಬರಿ ಐತಿ ಅಂದ್ರು. ಅವರ ಬಾಯಿಂದ ಎರಡನೇ ಮಾತು ಬೇಕಾಗಲಿಲ್ಲ. ಅವತ್ತ ರಾತ್ರಿ ನನಗ ಗೌರಿ ಹುಣ್ಣಿಮಿಯಿಂದ ಬರದಿದ್ದ ನಿದ್ದಿ ಬಂತು.

ಆದ್ರೂ ಮನಸಿನ್ಯಾಗ ಒಂದು ಮುಳ್ಳು ಉಳದಿತ್ತು. ಆಕಿ ದವಾಖಾನ್ಯಾಗ ಬಾಯಿ ಬಿಟ್ಟಿದ್ದು ಗುರುತಿಲ್ಲದಾಕಿ ಮುಂದ. ಮುಂದೊಂದು ದಿನ ಖರೇವಂದ ಏನರ ಬಂದ್ರ, ನನ್ನ ಹತ್ರ ಬರ್ತಾಳೋ, ಮತ್ತ ಮೂಲ್ಯಾಗ ಚಾಪಿ ಹಾಸ್ಕೋತಾಳೋ? ಹೇಳೂದೆಲ್ಲ ಹೇಳಿದ್ದೆ, ಆದ್ರ ಆಕಿ ಎಷ್ಟು ನಂಬ್ಯಾಳ ಅನ್ನೂದು ಯಾವ ತಾಯಿಗೆ ಗೊತ್ತಾಗತೈತಿ?

ಬ್ಯಾಸಗಿ ಬಂತು. ಒಂದು ಸಂಜಿ ರೊಟ್ಟಿ ಬಡೀಕೊಂತ ಕುಂತಿದ್ದೆ. ಸವಿತಾ ಒಳಗ ಬಂದು ಒಲಿ ಸನೇಕ ಕುಂತಳು. ಆಕಿ ಮಾರಿ ಬಿಳಚಿಕೊಂಡಿತ್ತು, ಅಪ್ಪನ ಫೋನು ಕೈಯಾಗ ಇತ್ತು.

"ಅವ್ವಾ, ಒದರಿದ್ರ ಒದರು. ಒಬ್ಬ ಕಾಲೇಜು ಹುಡುಗ ಫೋನಿನ್ಯಾಗ ಫೋಟೋ ಕಳಸು ಅಂತ ಗಂಟು ಬಿದ್ದಾನ. ಕಳಸಲಿಲ್ಲಂದ್ರ ಊರಾಗ ಏನೇನೋ ಹಬ್ಬಸ್ತೀನಿ ಅಂತಾನ. ನಾ ಕಳಿಸಿಲ್ಲ."

"ಯಾವಾಗಿಂದ?"

"ಈಗಷ್ಟ. ನೋಡಿದಾಕಿನ ನಿನ್ನ ಹತ್ರ ಬಂದೆ."

ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗಾಕ ಹತ್ತಿತ್ತು. ಮಗಳಿಗೆ ಒಬ್ಬ ಅಂಜಿಕಿ ಹಾಕ್ಯಾನ, ಎದಿ ಉರಿಯೂ ಹೊತ್ತು, ನನಗ ಮಾತ್ರ ಕಣ್ಣಾಗ ನೀರು ತುಂಬಿ ನಗು ಬಂತು. ಒಲಿ ಆರಿಸಿ, ಕೈ ತೊಳಕೊಂಡು, ಆಕಿ ಮಗ್ಗಲಕ್ಕ ಕುಂತೆ.